ಕಟಕಟೆಯಲ್ಲಿ ತಾಯಿ

1938ರಲ್ಲಿ, ಅಮೆರಿಕದ ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು, ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೋ ಕ್ಯಾನರ್ ಅವರಿಗೆ, ತಮ್ಮ ಮಗ ಡೊನಾಲ್ಡನ ವಿಷಯವಾಗಿ 33 ಪುಟಗಳ ಕಾಗದವೊಂದನ್ನು ಟೈಪು ಮಾಡಿಸಿ ಕಳುಹಿಸಿದರು. ಎರಡು ವರ್ಷ ತುಂಬುವ ಮೊದಲೇ ಬೈಬಲ್ಲಿನ ಕೀರ್ತನೆಯೊಂದನ್ನೂ ಧರ್ಮಪಾಠದ 25 ಪ್ರಶ್ನೋತ್ತರಗಳನ್ನೂ ಬಾಯಿಪಾಠವಾಗಿ ಒಪ್ಪಿಸುತ್ತಿದ್ದ ಆ ಹುಡುಗ, ತಂದೆ ಮನೆಗೆ ಬಂದರೆ ತಲೆಯೆತ್ತಿ ನೋಡುತ್ತಿರಲಿಲ್ಲ. ಮಕ್ಕಳೆಲ್ಲ ಕುಣಿದಾಡುವ ಕ್ರಿಸ್‌ಮಸ್ ತಾತ ಸಕಲ ವೇಷಭೂಷಣಗಳೊಡನೆ ಎದುರಿಗೆ ಬಂದು ನಿಂತರೂ ಅವನಿಗೆ ಅದು ಇದ್ದೂ ಇಲ್ಲದಂತೆ. ದುಂಡಗಿನ ಯಾವ ವಸ್ತು ಕೈಗೆ ಸಿಕ್ಕಿದರೂ ಅದನ್ನು ನೆಲದ ಮೇಲೆ ಗಿರಗಿರನೆ ತಿರುಗಿಸುತ್ತ, ಒಬ್ಬನೇ ಇರುವಾಗಲೇ ಪರಮಸಂತುಷ್ಟನಾಗಿರುವುದು ಅವನ ಸ್ವಭಾವವಾಗಿತ್ತು. ವಾತಾವರಣ ಬದಲಾದರೆ ಸರಿಹೋಗಬಹುದೆಂಬ ವೈದ್ಯರ ಸಲಹೆಯನ್ನು ನಂಬಿ, ಹಿಂದಿನ ವರ್ಷವಷ್ಟೇ, ನಾಲ್ಕು ವರ್ಷ ತುಂಬದ ಆ ಕೂಸನ್ನು ತಾಯಿತಂದೆಯರಿಂದ ಅಗಲಿಸಿ ಕ್ಷಯರೋಗ ತಡೆಯ ಸಂಸ್ಥೆಯೊಂದರಲ್ಲಿ ಇರಿಸಿದ್ದೂ ಆಗಿತ್ತು. ರೋಗ ಯಾವುದೆಂದು ಯಾರಿಗೂ ತಿಳಿಯದಿದ್ದಾಗಲೂ ಔಷಧ ಮಾತ್ರ ನಿಶ್ಚಯವಾಗಿದ್ದುದು ಗಮನಾರ್ಹವಾದುದು: ಮಗುವನ್ನು ಮನೆಯಿಂದ ದೂರವಿಡಬೇಕು.

ಡೊನಾಲ್ಡನನ್ನೂ ಒಳಗೊಂಡು ಇಂತಹ 11 ಮಕ್ಕಳನ್ನು, ಅಂದರೆ 8 ಗಂಡು ಮತ್ತು 3 ಹೆಣ್ಣು ಮಕ್ಕಳನ್ನು, ಹಲವು ವರ್ಷಗಳ ಕಾಲ ನೋಡಿದ ಕ್ಯಾನರ್, ಇಂದು ನಾವು ಆಟಿಸಂ ಅಥವಾ ಸ್ವಲೀನತೆ ಎನ್ನುವ ಸ್ಥಿತಿಯನ್ನು 1943ರ ತಮ್ಮ ಪ್ರಬಂಧದಲ್ಲಿ ವರ್ಣಿಸಿದರು. (ಸೋವಿಯತ್ ದೇಶದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ 1920ರ ದಶಕದಲ್ಲಿಯೇ ಬಹುಮಟ್ಟಿಗೆ ಇದೇ ಚಿತ್ರವನ್ನು ಬರೆದಿಟ್ಟಿದ್ದರು, ಆ ಹೆಸರು ಬಹುಕಾಲ ವಿಸ್ಮೃತಿಗೆ ಸಂದಿತ್ತು.) ಕ್ಯಾನರರ ಪ್ರಬಂಧ ವೈದ್ಯಕೀಯ ನಿರೀಕ್ಷಣೆಯ ಒಂದು ಉತ್ಕೃಷ್ಟ ನಿದರ್ಶನವೆಂಬುದರಲ್ಲಿ ಸಂದೇಹವಿಲ್ಲ. ಮಕ್ಕಳನ್ನು ನೋಡಿದಷ್ಟೇ ಸೂಕ್ಷ್ಮವಾಗಿ ಅವರು ತಾಯಿತಂದೆಯರನ್ನೂ ನೋಡಿದರು. 11 ಮಂದಿ ತಂದೆಯರಲ್ಲಿ 4 ಜನ ಸ್ವತಃ ಮನೋವೈದ್ಯರು. 11 ಮಂದಿ ತಾಯಂದಿರಲ್ಲಿ 9 ಜನ ಪದವೀಧರೆಯರು. ಈ ಕುಟುಂಬಗಳಲ್ಲಿ ನಿಜವಾಗಿ ಬೆಚ್ಚನೆಯ ಹೃದಯದ ತಾಯಿತಂದೆಯರು ವಿರಳವೆಂದು ಅವರಿಗೆ ತೋರಿತು, ಹಾಗೆಯೇ ಬರೆದರು. ಆದರೂ ಈ ಏಕಾಕಿತ್ವವು ಜೀವನದ ಮೊದಲ ದಿನಗಳಿಂದಲೇ ಕಾಣಿಸಿಕೊಳ್ಳುವುದರಿಂದ ಇದನ್ನು ಹುಟ್ಟಿನಿಂದ ಬಂದ ಒಂದು ಊನವೆಂದೇ ಎಣಿಸಬೇಕೆಂದು ಪ್ರಬಂಧವನ್ನು ಮುಗಿಸಿದರು. ಸಿದ್ಧಾಂತ ಒಂದು ಕಡೆಗೆ, ವರ್ಣನೆ ಇನ್ನೊಂದು ಕಡೆಗೆ ಎಳೆಯುತ್ತಿದ್ದ ಆ ಪ್ರಬಂಧದಲ್ಲಿ ಲೋಕವು ತನಗೆ ಒಪ್ಪುವುದನ್ನು ಆರಿಸಿಕೊಂಡಿತು.

ಲೋಕದ ಜೊತೆಗೆ ಕ್ಯಾನರರೂ ಸರಿದರು. 1949ರ ಪ್ರಬಂಧದಲ್ಲಿ, ಈ ಮಕ್ಕಳು ಹುಟ್ಟಿದಂದಿನಿಂದ ಹಿಮ ಕರಗದ ರೆಫ್ರಿಜರೇಟರುಗಳಲ್ಲಿ ಅಚ್ಚುಕಟ್ಟಾಗಿ ಇರಿಸಲ್ಪಟ್ಟವರೆಂಬ ಅರ್ಥದ ಮಾತನ್ನು ಅವರು ಬರೆದರು. 1960ರಲ್ಲಿ ‘ಟೈಮ್’ ಪತ್ರಿಕೆಯ ಮುಂದೆ ಅದೇ ರೂಪಕವನ್ನು ಇನ್ನಷ್ಟು ಕಟುವಾಗಿ, ದಾಂಪತ್ಯದ ಶಯ್ಯೆಯವರೆಗೂ ಎಳೆದರು. ಅವರು ಹೇಳಿದ್ದು ತಾಯಿತಂದೆ ಇಬ್ಬರನ್ನೂ ಕುರಿತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ರೆಫ್ರಿಜರೇಟರ್ ತಾಯಿ’ ಎಂಬ ಪದ. ‘ರೆಫ್ರಿಜರೇಟರ್ ತಂದೆ’ ಎಂಬ ಪದ ಯಾವ ಪಠ್ಯಪುಸ್ತಕದಲ್ಲಿಯೂ ಹುಟ್ಟಲಿಲ್ಲ. 1941ರಲ್ಲಿ, ಅತ್ಯುತ್ಸಾಹದ ಮನಶ್ಶಾಸ್ತ್ರಜ್ಞರ ಉಪದ್ರವದಿಂದ ತಾಯಂದಿರನ್ನು ರಕ್ಷಿಸಲೆಂದು ‘ಇನ್ ಡಿಫೆನ್ಸ್ ಆಫ್ ಮದರ್ಸ್’ ಎಂಬ ಪುಸ್ತಕವನ್ನೇ ಬರೆದಿದ್ದವರು ಇದೇ ಕ್ಯಾನರ್ ಎಂಬುದನ್ನು ನೆನೆದರೆ, ಒಂದು ಕಾಲದ ಗಾಳಿ ಎಂತಹ ವಿವೇಕಿಯನ್ನೂ ಎಷ್ಟು ಸುಲಭವಾಗಿ ಹೊತ್ತೊಯ್ಯಬಲ್ಲುದೆಂಬುದು ಅರ್ಥವಾಗುತ್ತದೆ.

ಆ ಗಾಳಿ ಎಂತಹದಾಗಿತ್ತು? 1928ರಲ್ಲಿ ವರ್ತನಾವಾದದ ಪ್ರವರ್ತಕ ಜಾನ್ ವಾಟ್ಸನ್, ಶಿಶುಪಾಲನೆಯನ್ನು ಕುರಿತ ತಮ್ಮ ಪುಸ್ತಕದಲ್ಲಿ, ತಾಯಿಯ ಅತಿಪ್ರೀತಿಯೇ ಮಗುವಿಗೆ ವಿಷವೆಂದು ಸಾರಿ, ಮಕ್ಕಳನ್ನು ಅಪ್ಪಬಾರದು, ಮುತ್ತಿಡಬಾರದು, ಬೆಳಗ್ಗೆ ಕೈಕುಲುಕಿದರೆ ಸಾಕು ಎಂದು ವಿಧಿಸಿದ್ದರು. 1942ರಲ್ಲಿ ಫಿಲಿಪ್ ವೈಲಿ ಎಂಬ ಲೇಖಕ, ಅಮೆರಿಕದ ಗಂಡಸರ ದೌರ್ಬಲ್ಯಕ್ಕೆಲ್ಲ ಅವರ ಅಮ್ಮಂದಿರೇ ಕಾರಣರೆಂದು ಆರ್ಭಟಿಸಿ ಅಪಾರ ಕೀರ್ತಿಯನ್ನು ಸಂಪಾದಿಸಿದ. 1943ರಲ್ಲಿ ಡೇವಿಡ್ ಲೀವಿ ಎಂಬ ಮನೋವೈದ್ಯರು ತಾಯಿಯ ಅತಿಸಂರಕ್ಷಣೆಯ ಮೇಲೆ ಒಂದು ಗ್ರಂಥವನ್ನೇ ಬರೆದರು. 1946ರಲ್ಲಿ, ಯುದ್ಧಕಾಲದಲ್ಲಿ ಸೇನೆಗೆ ಸಲಹೆಗಾರರಾಗಿದ್ದ ಎಡ್ವರ್ಡ್ ಸ್ಟ್ರೆಕರ್ ಎಂಬ ಮನೋವೈದ್ಯರು, ಸೈನ್ಯಕ್ಕೆ ಅಯೋಗ್ಯರೆಂದು ತಿರಸ್ಕೃತರಾದ ತರುಣರ ಮಾನಸಿಕ ದೌರ್ಬಲ್ಯದ ಹೊಣೆಯನ್ನು ಅವರ ತಾಯಂದಿರ ಮೇಲೆ ಹೊರಿಸಿದರು. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್ಮನ್, ಸ್ವತಃ ಸ್ತ್ರೀಯಾಗಿದ್ದರೂ, ಮಗನಲ್ಲಿ ಸ್ಕಿಜೋಫ್ರೀನಿಯಾವನ್ನು ಹುಟ್ಟಿಸುವ ತಾಯಿ ಎಂಬ ಕಲ್ಪನೆಯನ್ನು ವೈದ್ಯಶಾಸ್ತ್ರದೊಳಕ್ಕೆ ತಂದರು. ಒಬ್ಬರಿಗೆ ತಾಯಿಯ ಪ್ರೀತಿ ಅತಿಯಾಯಿತು, ಮತ್ತೊಬ್ಬರಿಗೆ ಸಾಲದಾಯಿತು. ಪ್ರೀತಿ ಹೆಚ್ಚಾದರೂ ದೋಷ, ಕಡಿಮೆಯಾದರೂ ದೋಷ ಎನ್ನುವ ಸಿದ್ಧಾಂತಕ್ಕೆ ಸುಳ್ಳಾಗುವ ಭಯವೇ ಇಲ್ಲ. ಹಾಗೆ ಎಂದೂ ಸುಳ್ಳಾಗಲಾರದ ಮಾತನ್ನು ವಿಜ್ಞಾನವೆಂದು ಕರೆಯುವುದು ನನ್ನಿಂದಾಗದು.

ಇದೇ ವರ್ಷಗಳಲ್ಲಿ ಮನೆಯ ಹೊರಗೆ ನಡೆದದ್ದನ್ನೂ ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೊರಟಾಗ ಅಮೆರಿಕ ಸರ್ಕಾರವೇ ಹೆಂಗಸರನ್ನು ಕಾರ್ಖಾನೆಗೆ ಕರೆಯಿತು. ಅವರ ಮಕ್ಕಳನ್ನು ನೋಡಿಕೊಳ್ಳಲು ಲ್ಯಾನ್‌ಹಮ್ ಕಾಯಿದೆಯ ಹಣದಿಂದ ಶಿಶುಪಾಲನಾ ಕೇಂದ್ರಗಳನ್ನು ತೆರೆಯಿತು. 1944ರ ಹೊತ್ತಿಗೆ ಅವು 3,000ವನ್ನು ಮೀರಿದ್ದುವು. ಆಗ ತಾಯಿ ಹಗಲೆಲ್ಲ ಮನೆಯಲ್ಲಿಲ್ಲದಿರುವುದು ದೇಶಸೇವೆಯಾಗಿತ್ತು. 1946ರಲ್ಲಿ ಆ ಹಣ ನಿಂತಿತು, ಕೇಂದ್ರಗಳಲ್ಲಿ ಬಹುಪಾಲು ಮುಚ್ಚಿದುವು, ಕೆಲಸಗಳು ಹಿಂದಿರುಗಿದ ಸೈನಿಕರಿಗೆ ಸಂದುವು. ಅಂದಿನಿಂದ ಹಗಲು ಹೊರಗೆ ದುಡಿಯುವ ತಾಯಿ ಶಂಕಿತಳಾದಳು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬ್ರಿಟನ್ನಿನ ಜಾನ್ ಬೌಲ್ಬಿ ಬರೆದ ವರದಿ, ಅನಾಥಾಲಯ ಆಸ್ಪತ್ರೆಗಳಲ್ಲಿ ಮಕ್ಕಳು ಅನುಭವಿಸುತ್ತಿದ್ದ ಒಂಟಿತನವನ್ನು ಜಗತ್ತಿನ ಕಣ್ಣಿಗೆ ತಂದ ಉಪಕಾರವನ್ನು ಮಾಡಿತಾದರೂ, ದೀರ್ಘಕಾಲದ ಅಗಲಿಕೆಯನ್ನು ಕುರಿತ ಅದರ ಮಾತುಗಳನ್ನು ಬೆಳಗಿನಿಂದ ಸಂಜೆಯವರೆಗೆ ಕೆಲಸಕ್ಕೆ ಹೋಗುವ ತಾಯಿಗೂ ಅನ್ವಯಿಸಿ ಹೆದರಿಸುವವರಿಗೆ ಬರಗಾಲವಿರಲಿಲ್ಲ. ಮನೋವೈದ್ಯರು ಸರ್ಕಾರದೊಡನೆ ಕೂಡಿ ಸಂಚು ಹೂಡಿದರೆಂದು ನಾನು ಹೇಳುತ್ತಿಲ್ಲ. ಸಂಚಿನ ಅಗತ್ಯವೇ ಇರಲಿಲ್ಲ. ಒಂದು ಸಮಾಜ ಯಾವ ಉತ್ತರವನ್ನು ಬಯಸುತ್ತದೆಯೋ ಆ ಉತ್ತರ ಬರುವ ಪ್ರಶ್ನೆಗಳನ್ನೇ ಅದರ ವಿದ್ವಾಂಸರೂ ಕೇಳತೊಡಗುತ್ತಾರೆ.

ಸ್ವಲೀನತೆಗೆ ತಾಯಿಯೇ ಕಾರಣವೆಂಬ ಸಿದ್ಧಾಂತವನ್ನು ಶಿಖರಕ್ಕೇರಿಸಿದವರು ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸೇರಿದ ಆರ್ಥೋಜೆನಿಕ್ ಶಾಲೆಯ ಮುಖ್ಯಸ್ಥರಾಗಿದ್ದ ಬ್ರೂನೋ ಬೆಟಲ್‌ಹೈಮ್. 1903ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿದ ಈ ಯಹೂದಿ, 1938-39ರಲ್ಲಿ ಡಾಖೌ ಮತ್ತು ಬೂಖನ್‌ವಾಲ್ಡ್ ಎಂಬ ನಾತ್ಸಿ ಬಂದೀಖಾನೆಗಳ ನರಕವನ್ನು ಕಂಡುಬಂದವರು. ಅಲ್ಲಿ ಜೀವನದ ಆಸೆಯನ್ನೇ ತೊರೆದು, ಎದುರಿನವರನ್ನೂ ನೋಡದೆ, ಕಲ್ಲಿನಂತೆ ಕುಳಿತುಬಿಡುತ್ತಿದ್ದ ಬಂದಿಗಳ ನೆನಪು ಅವರನ್ನು ಬಿಟ್ಟಿರಲಿಲ್ಲ. ಮುಂದೆ ಸ್ವಲೀನ ಮಕ್ಕಳನ್ನು ಕಂಡಾಗ ಅದೇ ಮೌನ, ಅದೇ ವಿಮುಖತೆ ಅವರಿಗೆ ಕಾಣಿಸಿತು. ಬಂದಿಗಳನ್ನು ಆ ಸ್ಥಿತಿಗೆ ತಂದವರು ಕಾವಲುಗಾರರಾಗಿದ್ದರೆ, ಮಗುವನ್ನು ಆ ಸ್ಥಿತಿಗೆ ತಂದವರಾರು ಎಂದು ತಮ್ಮನ್ನು ತಾವೇ ಕೇಳಿಕೊಂಡು, ಮಗು ಇಲ್ಲವಾಗಲೆಂಬ ತಾಯಿತಂದೆಯರ ಒಳಗಿನ ಬಯಕೆಯೇ ಈ ಸ್ಥಿತಿಯ ಮೂಲವೆಂದು, 1967ರಲ್ಲಿ ಪ್ರಕಟವಾದ ‘ದಿ ಎಂಪ್ಟಿ ಫೋರ್ಟ್ರೆಸ್’ ಗ್ರಂಥದಲ್ಲಿ ನಿಸ್ಸಂಕೋಚವಾಗಿ ಬರೆದರು. ಸಾಮ್ಯವೊಂದನ್ನು ಕಂಡ ಮಾತ್ರಕ್ಕೆ ಕಾರಣವೂ ಒಂದೇ ಎಂದು ತೀರ್ಮಾನಿಸುವುದು ತರ್ಕಶಾಸ್ತ್ರದ ಮೊದಲ ತರಗತಿಯಲ್ಲಿಯೇ ತಿದ್ದಬೇಕಾದ ತಪ್ಪು. ಆದರೆ ಅವರ ಬರವಣಿಗೆ ಮನೋಜ್ಞವಾಗಿತ್ತು, ಅವರ ಯಾತನೆ ನಿಜವಾದುದಾಗಿತ್ತು. ವಾಚಕರು ಇವೆರಡನ್ನೂ ಪ್ರಮಾಣವೆಂದು ಭ್ರಮಿಸಿದರು. ವಿಯೆನ್ನಾದಲ್ಲಿ ಅವರು ಪಡೆದ ಡಾಕ್ಟರೇಟು ಮನಶ್ಶಾಸ್ತ್ರದಲ್ಲಿ ಅಲ್ಲ, ಸೌಂದರ್ಯಮೀಮಾಂಸೆಯಲ್ಲಿ ಎಂಬುದೂ, ಶಾಲೆಯಲ್ಲಿ ಅವರು ಮಕ್ಕಳನ್ನು ಹೊಡೆಯುತ್ತಿದ್ದರೆಂಬ ಹಳೆಯ ವಿದ್ಯಾರ್ಥಿಗಳ ದೂರುಗಳೂ 1990ರಲ್ಲಿ ಅವರು ತೀರಿಕೊಂಡ ಬಳಿಕ ಬಹಿರಂಗವಾಗಿ ಚರ್ಚೆಗೆ ಬಂದುವು.

ಸಿದ್ಧಾಂತದಿಂದ ಚಿಕಿತ್ಸೆ ಹುಟ್ಟಬೇಕಷ್ಟೆ. ಮಗುವನ್ನು ತಾಯಿಯಿಂದ ಅಗಲಿಸಿ ವಸತಿಶಾಲೆಯಲ್ಲಿ ಇರಿಸುವುದು, ತಾಯಿಯನ್ನು ಮನೋವಿಶ್ಲೇಷಕರ ಮುಂದೆ ವರ್ಷಗಟ್ಟಲೆ ಕೂಡಿಸಿ, ಮಗುವನ್ನು ಆಕೆ ಏಕೆ ದ್ವೇಷಿಸಿದಳೆಂಬುದನ್ನು ಅವಳ ಬಾಯಿಂದಲೇ ಹೊರಡಿಸುವುದು, ಇವೇ ಆ ಚಿಕಿತ್ಸೆಯ ಎರಡು ಅಂಗಗಳು. ದ್ವೇಷಿಸಲಿಲ್ಲವೆಂದು ಆಕೆ ಹೇಳಿದರೆ ಅದು ಅಪರಾಧವನ್ನು ಮುಚ್ಚಿಡುವ ಲಕ್ಷಣ, ಅತ್ತರೆ ಪಶ್ಚಾತ್ತಾಪ, ಅಳದೆ ಗಟ್ಟಿಯಾಗಿ ಕುಳಿತರೆ ಹಿಮದ ಪುರಾವೆ. ಇಂತಹ ನ್ಯಾಯಾಲಯದಲ್ಲಿ ಬಿಡುಗಡೆಯ ಬಾಗಿಲೇ ಇರುವುದಿಲ್ಲ. ಎಷ್ಟು ತಾಯಂದಿರು ರಾತ್ರಿಯೆಲ್ಲ ಎಚ್ಚರವಾಗಿದ್ದು, ಬಸುರಿನ ದಿನಗಳಲ್ಲಿ ತಮ್ಮ ಮನಸ್ಸಿನಲ್ಲಿ ಸುಳಿದ ಯಾವುದೋ ಒಂದು ಬೇಸರದ ಕ್ಷಣವನ್ನು ಹುಡುಕಿ ಹುಡುಕಿ ತೆಗೆದು ಅದನ್ನೇ ಪಾಪವೆಂದು ನಂಬಿದರೋ, ಅದರ ಲೆಕ್ಕವನ್ನು ಯಾವ ವೈದ್ಯಕೀಯ ಪತ್ರಿಕೆಯೂ ಇಡಲಿಲ್ಲ.

ಈ ಕಟ್ಟಡದ ಅಸ್ತಿವಾರವನ್ನು ಅಲುಗಿಸಿದವರು ಹೊರಗಿನವರು. ಬರ್ನಾರ್ಡ್ ರಿಮ್ಲಂಡ್ ಸ್ಯಾನ್ ಡಿಯಾಗೋದಲ್ಲಿ ನೌಕಾಸೇನೆಯ ಮನಶ್ಶಾಸ್ತ್ರಜ್ಞ. ಪರೀಕ್ಷೆಗಳ ಅಂಕಿ ಅಂಶಗಳೇ ಅವರ ಕಸುಬು, ಮಕ್ಕಳ ಚಿಕಿತ್ಸೆ ಅಲ್ಲ. 1956ರಲ್ಲಿ ಹುಟ್ಟಿದ ಅವರ ಮಗ ಸ್ವಲೀನನಾಗಿದ್ದ. ತಮ್ಮ ಹೆಂಡತಿ ರೆಫ್ರಿಜರೇಟರ್ ಅಲ್ಲವೆಂಬುದು ಅವರಿಗೆ ಗೊತ್ತಿತ್ತು. ಅವರು 1964ರಲ್ಲಿ ಪ್ರಕಟಿಸಿದ ‘ಇನ್‌ಫಂಟೈಲ್ ಆಟಿಸಂ’ ಗ್ರಂಥದ ವಾದ ಸರಳವಾದುದು. ತಾಯಿಯೇ ಕಾರಣಳಾದರೆ ಅದೇ ತಾಯಿಯ ಉಳಿದ ಮಕ್ಕಳು ಸಾಮಾನ್ಯವಾಗಿ ಏಕೆ ಆರೋಗ್ಯವಾಗಿದ್ದಾರೆ? ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಈ ಸ್ಥಿತಿ ಮೂರು ನಾಲ್ಕು ಪಟ್ಟು ಹೆಚ್ಚಾಗಿ ಕಾಣುವುದೇಕೆ? ಒಂದೇ ರೂಪದ ಅವಳಿಗಳಲ್ಲಿ ಇಬ್ಬರಿಗೂ ಬರುವುದೇಕೆ? ತಾವೂ ಹಬ್ಬಿಸಿದ ಸಿದ್ಧಾಂತದ ವಿರುದ್ಧ ಬರೆದ ಆ ಪುಸ್ತಕಕ್ಕೆ ಮುನ್ನುಡಿ ಬರೆದುಕೊಟ್ಟವರು ಕ್ಯಾನರ್! ಮರುವರ್ಷವೇ ರಿಮ್ಲಂಡ್ ಮತ್ತು ರೂತ್ ಕ್ರೈಸ್ಟ್ ಸಲಿವನ್ ಮೊದಲಾದ ತಾಯಿತಂದೆಯರು ಸೇರಿ ಸ್ವಲೀನ ಮಕ್ಕಳಿಗಾಗಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಬೆಟಲ್‌ಹೈಮರ ಗ್ರಂಥ ಹೊರಬಂದ 1967ರಲ್ಲಿಯೇ, ಸಾಹಿತ್ಯದ ಅಧ್ಯಾಪಕಿಯಾಗಿದ್ದ ಕ್ಲಾರಾ ಕ್ಲೇಬೋರ್ನ್ ಪಾರ್ಕ್, ತಮ್ಮ ನಾಲ್ಕನೆಯ ಮಗುವಿನ ಮೊದಲ ಎಂಟು ವರ್ಷಗಳ ಕಥೆಯನ್ನು ‘ದಿ ಸೀಜ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದರಲ್ಲಿ ಅಳಲಿಗಿಂತ ಹೆಚ್ಚಾಗಿ ನಿರೀಕ್ಷಣೆ ಇದೆ: ಮಗು ಏನನ್ನು ನೋಡುತ್ತದೆ, ಯಾವ ಪದವನ್ನು ಯಾವ ದಿನ ಹೇಳಿತು, ಒಂದು ಲೋಟವನ್ನು ಹಿಡಿಯಲು ಅದಕ್ಕೆ ಎಷ್ಟು ತಿಂಗಳು ಬೇಕಾಯಿತು. ಎರಡು ಗ್ರಂಥಗಳಲ್ಲಿ ವೈಜ್ಞಾನಿಕ ದೃಷ್ಟಿ ಯಾವುದರಲ್ಲಿದೆಯೆಂದು ಕೇಳಿದರೆ, ನಾನು ಹಿಂಜರಿಯದೆ ಆ ತಾಯಿಯದನ್ನು ತೋರಿಸುತ್ತೇನೆ.

ವಾದಕ್ಕೆ ಪ್ರಯೋಗದ ಬಲ ದೊರೆತದ್ದು 1977ರಲ್ಲಿ. ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು, ಒಬ್ಬರಾದರೂ ಸ್ವಲೀನರಾಗಿದ್ದ ಜೋಡಿಗಳನ್ನು, ಆರಿಸಿಕೊಂಡರು. ಅವುಗಳಲ್ಲಿ 11 ಜೋಡಿ ಒಂದೇ ಅಂಡದಿಂದ ಹುಟ್ಟಿದುವು, 10 ಜೋಡಿ ಬೇರೆ ಬೇರೆ ಅಂಡಗಳಿಂದ ಹುಟ್ಟಿದುವು. ಒಂದೇ ಅಂಡದ ಅವಳಿಗಳಲ್ಲಿ ವಂಶವಾಹಿಗಳು ಹೆಚ್ಚು ಕಡಿಮೆ ಪೂರ್ತಿಯಾಗಿ ಒಂದೇ. ಬೇರೆ ಅಂಡಗಳ ಅವಳಿಗಳಲ್ಲಿ ಸಾಧಾರಣ ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟು. ಈಗ ವಾಚಕರು ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಎರಡು ಬಗೆಯ ಜೋಡಿಗಳಲ್ಲಿಯೂ ಇಬ್ಬರಿಗೂ ತಾಯಿ ಒಬ್ಬಳೇ, ಗರ್ಭ ಒಂದೇ, ಮನೆ ಒಂದೇ, ಹುಟ್ಟಿದ ದಿನವೂ ಒಂದೇ. ತಾಯಿಯ ಶೈತ್ಯವೇ ಕಾರಣವಾಗಿದ್ದರೆ ಎರಡು ಗುಂಪುಗಳೂ ಒಂದೇ ಫಲವನ್ನು ಕೊಡಬೇಕಾಗಿತ್ತು. ಬಂದ ಫಲವೇನೆಂದರೆ, ಒಂದೇ ಅಂಡದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರೂ ಸ್ವಲೀನರು. ಬೇರೆ ಅಂಡಗಳ 10 ಜೋಡಿಗಳಲ್ಲಿ ಅಂತಹ ಜೋಡಿ ಒಂದೂ ಇಲ್ಲ. ಮಾತು, ಕಲಿಕೆ ಮುಂತಾದುವುಗಳ ಸೌಮ್ಯವಾದ ತೊಡಕುಗಳನ್ನೂ ಸೇರಿಸಿ ನೋಡಿದರೆ ಅಂತರ ಇನ್ನೂ ಹಿಗ್ಗಿತು: 11ರಲ್ಲಿ 9, 10ರಲ್ಲಿ 1. ಸಂಖ್ಯೆ ಸಣ್ಣದು, ನಿಜ. ಆದರೆ ಮುಂದಿನ ದಶಕಗಳ ದೊಡ್ಡ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿದುವು. ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾಗಳ ಸುಮಾರು 20 ಲಕ್ಷ ಜನರ ದಾಖಲೆಗಳನ್ನು ಶೋಧಿಸಿ 2019ರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, ಸ್ವಲೀನತೆ ಒಬ್ಬರಲ್ಲಿ ಕಂಡು ಇನ್ನೊಬ್ಬರಲ್ಲಿ ಕಾಣದಿರುವ ವ್ಯತ್ಯಾಸದ ಸುಮಾರು ಶೇಕಡಾ 80 ಭಾಗ ಆನುವಂಶಿಕ. ತಾಯಿಯ ಮೂಲಕ ಬರುವ ವಿಶೇಷ ಪರಿಣಾಮ ಇಲ್ಲವೆನ್ನುವಷ್ಟು ಅಲ್ಪ.

ಹಾಗಾದರೆ ಕ್ಯಾನರ್ ಕಂಡದ್ದೇನು? ಅವರ ಕಣ್ಣು ಸುಳ್ಳು ಹೇಳುವಂತಹದಲ್ಲ. ಅವರು ಕಂಡ ಕೆಲವು ತಾಯಿತಂದೆಯರು ನಿಜವಾಗಿಯೂ ಮಿತಭಾಷಿಗಳಾಗಿ, ಜನರಿಗಿಂತ ಪುಸ್ತಕಗಳೊಡನೆ ಹೆಚ್ಚು ಸುಖವಾಗಿದ್ದಿರಬೇಕು. ಆದರೆ ವಂಶವಾಹಿಗಳ ಮೂಲಕ ಹರಿದುಬರುವ ಒಂದು ಪ್ರವೃತ್ತಿ ತಾಯಿಯಲ್ಲೋ ತಂದೆಯಲ್ಲೋ ಮಂದವಾಗಿಯೂ ಮಗುವಿನಲ್ಲಿ ತೀವ್ರವಾಗಿಯೂ ತೋರಿದರೆ, ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದಕ್ಕಿಂತ ಎರಡೂ ಒಂದೇ ಬೇರಿನ ಚಿಗುರುಗಳೆನ್ನುವುದು ಯುಕ್ತ. ಎರಡನೆಯದಾಗಿ, ಬಾಲ್ಟಿಮೋರಿನ ಹೆಸರಾಂತ ಆಸ್ಪತ್ರೆಯವರೆಗೆ ದೂರದೂರದಿಂದ ಮಗುವನ್ನು ಕರೆತರಲು ಹಣವೂ ವಿದ್ಯೆಯೂ ಬೇಕು. ಅಲ್ಲಿಗೆ ಬಂದವರೆಲ್ಲ ವಿದ್ಯಾವಂತರಾಗಿದ್ದುದು ಬಾಗಿಲು ಮಾಡಿದ ಆಯ್ಕೆ, ರೋಗ ಮಾಡಿದ ಆಯ್ಕೆಯಲ್ಲ. ಅದೇ ವರ್ಗದ, ಆರೋಗ್ಯವಂತ ಮಕ್ಕಳ ತಾಯಂದಿರನ್ನು ಪಕ್ಕದಲ್ಲಿರಿಸಿ ಹೋಲಿಸಿ ನೋಡುವ ಕೆಲಸವನ್ನು ಕ್ಯಾನರ್ ಮಾಡಲಿಲ್ಲ. ಮೂರನೆಯ ಕಾರಣ ಎಲ್ಲಕ್ಕಿಂತ ಮುಖ್ಯವಾದುದು. ಎರಡು ಮೂರು ವರ್ಷಗಳ ಕಾಲ ಕಣ್ಣಿಗೆ ಕಣ್ಣು ಕೊಡದ, ಎತ್ತಿಕೊಳ್ಳಲು ಬಾಗಿದರೆ ಕೈ ಚಾಚದ, ಅಪ್ಪಿದರೆ ಸೆಟೆದುಕೊಳ್ಳುವ ಮಗುವಿನೊಡನೆ ಬಾಳಿದ ಹೆಣ್ಣು, ಆಸ್ಪತ್ರೆಯ ಕೊಠಡಿಯಲ್ಲಿ, ತನ್ನನ್ನು ಅಳೆಯುತ್ತಿರುವ ಅಪರಿಚಿತ ಗಂಡಸಿನ ಎದುರಿಗೆ ಹೇಗೆ ಕುಳಿತಾಳು? ತಾಯಿಯ ನಡತೆಯಿಂದ ಮಗುವಿನ ಸ್ವಭಾವ ರೂಪುಗೊಳ್ಳುವಂತೆ ಮಗುವಿನ ಸ್ವಭಾವದಿಂದ ತಾಯಿಯ ನಡತೆಯೂ ರೂಪುಗೊಳ್ಳುತ್ತದೆಂದು ರಿಚರ್ಡ್ ಬೆಲ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಬರೆದದ್ದು ಇಂದಿಗೆ ಸ್ವತಸ್ಸಿದ್ಧವೆಂದು ತೋರಬಹುದು; ಅದುವರೆಗೆ ಶಾಸ್ತ್ರವು, ಬೀದಿಯಲ್ಲಿ ಕೊಡೆ ಬಿಚ್ಚಿದವರನ್ನು ಕಂಡು ಮಳೆ ತಂದವರು ಇವರೇ ಎನ್ನುವಂತೆ ನಡೆದುಕೊಂಡಿತ್ತು.

ಆರೋಪದಲ್ಲಿಯೂ ಅಂತಸ್ತಿನ ಭೇದವಿತ್ತು. ರೆಫ್ರಿಜರೇಟರ್ ತಾಯಿ ಎಂದರೆ ಬಿಳಿಯಳು, ಓದಿದವಳು, ಉಳ್ಳವಳು. ನಿನ್ನ ಮಗನಿಗೆ ಈ ಕಾಯಿಲೆ ಇರಲು ಸಾಧ್ಯವೇ ಇಲ್ಲ, ಏಕೆಂದರೆ ನೀನು ಆ ಅಚ್ಚಿಗೆ ಹೊಂದುವವಳಲ್ಲ ಎಂದು ವೈದ್ಯರಿಂದ ಹೇಳಿಸಿಕೊಂಡ ಕಪ್ಪುವರ್ಣದ ತಾಯಿಯೊಬ್ಬಳ ಮಾತು 2002ರ ‘ರೆಫ್ರಿಜರೇಟರ್ ಮದರ್ಸ್’ ಸಾಕ್ಷ್ಯಚಿತ್ರದಲ್ಲಿದೆ. ಕಪ್ಪುವರ್ಣದ ಬಡ ತಾಯಂದಿರು ಕಟಕಟೆಯಿಂದ ತಪ್ಪಿಸಿಕೊಂಡರೆಂದು ಭಾವಿಸಬೇಕಾಗಿಲ್ಲ. ಕಪ್ಪುಜನರ ಬಡತನಕ್ಕೆ ಅವರ ಸಂಸಾರಗಳಲ್ಲಿ ಹೆಂಗಸಿನ ಯಾಜಮಾನ್ಯವೇ ಒಂದು ಕಾರಣವೆಂದು ಅಮೆರಿಕದ ಕಾರ್ಮಿಕ ಇಲಾಖೆಯ ಮೊಯ್ನಿಹಾನ್ ವರದಿ ಬರೆದದ್ದು 1965ರಲ್ಲಿ.

1969ರಲ್ಲಿ, ಆ ತಾಯಿತಂದೆಯರ ರಾಷ್ಟ್ರೀಯ ಸಂಘದ ಸಭೆಯಲ್ಲಿ ಎದ್ದುನಿಂತು, ನೀವು ನಿರ್ದೋಷಿಗಳು ಎಂಬ ಘೋಷಣೆಯನ್ನು ಕ್ಯಾನರ್ ಮಾಡಿದರು. ಸಭೆ ಎದ್ದು ಚಪ್ಪಾಳೆ ತಟ್ಟಿತು. ತನ್ನನ್ನು ಜನ ತಪ್ಪಾಗಿ ಉದ್ಧರಿಸಿದರೆಂದೂ ಅವರು ಹೇಳಿಕೊಂಡರು. ಅದು ಅರ್ಧ ಸತ್ಯ. ಈ ಬಿಡುಗಡೆಯೂ ಎಲ್ಲೆಡೆಗೆ ಕೂಡಲೇ ತಲುಪಲಿಲ್ಲ. ಫ್ರಾನ್ಸಿನಲ್ಲಿ ಮನೋವಿಶ್ಲೇಷಣೆಯ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ, ಸ್ವಲೀನತೆಗೆ ಮನೋವಿಶ್ಲೇಷಣೆ ಉಪಯುಕ್ತವೆಂಬುದಕ್ಕೆ ಆಧಾರವಿಲ್ಲವೆಂಬ ಅಭಿಪ್ರಾಯವನ್ನು ಅಲ್ಲಿಯ ಉನ್ನತ ಆರೋಗ್ಯ ಪ್ರಾಧಿಕಾರ ಅಧಿಕೃತವಾಗಿ ಪ್ರಕಟಿಸಬೇಕಾದರೆ 2012 ಬರಬೇಕಾಯಿತು. ಅಷ್ಟರಲ್ಲಿ ಶೂನ್ಯವಾದ ಕಟಕಟೆಗೆ ಬೇರೊಂದು ಆರೋಪಿ ಬಂದಿತ್ತು. 1998ರಲ್ಲಿ ಲಂಡನ್ನಿನ ಆಂಡ್ರೂ ವೇಕ್‌ಫೀಲ್ಡ್ 12 ಮಕ್ಕಳನ್ನು ಮುಂದಿಟ್ಟುಕೊಂಡು ದಡಾರದ ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದರು. 2010ರಲ್ಲಿ ಆ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆ ಹಿಂತೆಗೆದುಕೊಂಡಿತು. ಈ ನಡುವೆ ಲಸಿಕೆ ಹಾಕಿಸಿದ ತಾಯಿ ಮಗುವನ್ನು ಕೆಡಿಸಿದವಳಾದಳು, ಹಾಕಿಸದ ತಾಯಿ ಊರಿಗೆ ಅಪಾಯ ತಂದವಳಾದಳು. ಎರಡು ಸಂದರ್ಭಗಳಲ್ಲಿಯೂ ತಂದೆ ಎಲ್ಲಿದ್ದನೆಂದು ಕೇಳಿದವರು ಕಡಿಮೆ.

ತಂದೆಯ ಪ್ರಸ್ತಾಪ ಬಂದುದರಿಂದ ಒಂದು ಮಾತು. 2012ರಲ್ಲಿ ಐಸ್‌ಲೆಂಡಿನ ಸಂಶೋಧಕರು ತಾಯಿ, ತಂದೆ, ಮಗು ಸೇರಿದ 78 ಕುಟುಂಬಗಳ ಸಂಪೂರ್ಣ ಜೀನೋಮನ್ನು ಓದಿ, ಮಗುವಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಉತ್ಪರಿವರ್ತನೆಗಳಲ್ಲಿ ಬಹುಪಾಲು ತಂದೆಯ ಕಡೆಯಿಂದ ಬರುತ್ತವೆಂದೂ, ತಂದೆಯ ವಯಸ್ಸು ಒಂದೊಂದು ವರ್ಷ ಏರಿದಂತೆ ಅವು ಸುಮಾರು ಎರಡೆರಡು ಹೆಚ್ಚುತ್ತವೆಂದೂ ಲೆಕ್ಕ ಹಾಕಿದರು. ವಯಸ್ಸಾದ ತಂದೆಯ ಮಕ್ಕಳಲ್ಲಿ ಸ್ವಲೀನತೆಯ ಸಂಭವ ಸ್ವಲ್ಪ ಅಧಿಕವೆಂಬ ಹಿಂದಿನ ಅಧ್ಯಯನಗಳಿಗೆ ಇದು ಒಂದು ವಿವರಣೆಯನ್ನು ಒದಗಿಸಿತು. ಇಷ್ಟಾದರೂ, ತಡಮಾಡಿ ಮಕ್ಕಳನ್ನು ಪಡೆದ ಗಂಡಸಿಗೆ ಯಾರೂ ಹೆಸರಿಡಲಿಲ್ಲ, ಯಾವ ಮನೋವೈದ್ಯರೂ ಅವನನ್ನು ಕರೆಸಿ ಕೂಡಿಸಲಿಲ್ಲ. ಕೂಡಿಸಬೇಕೆಂದು ನನ್ನ ಅಭಿಪ್ರಾಯವೂ ಅಲ್ಲ. ಆದರೆ ಇತ್ತೀಚೆಗೆ ಗರ್ಭದ ಪರಿಸರ ವಂಶವಾಹಿಗಳ ಕೆಲಸವನ್ನು ಹೇಗೆ ತಿದ್ದುತ್ತದೆಂಬ ಶಾಸ್ತ್ರ ಬೆಳೆಯುತ್ತಿದ್ದಂತೆಯೇ, ಬಸುರಿ ಏನು ತಿಂದಳು, ಎಷ್ಟು ಚಿಂತೆ ಮಾಡಿದಳು ಎಂಬ ವಿಚಾರಣೆ ಪುನಃ ಆರಂಭವಾಗಿದೆ. ಇಲಿಗಳ ಮೇಲಿನ ಪ್ರಯೋಗಗಳನ್ನು ಹಿಡಿದು ತಾಯಂದಿರನ್ನು ದೂಷಿಸಬೇಡಿರೆಂದು ಸಾರಾ ರಿಚರ್ಡ್‌ಸನ್ ಮೊದಲಾದ ವಿದ್ವಾಂಸರು 2014ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಎಚ್ಚರಿಸಬೇಕಾಯಿತು.

ಇದೆಲ್ಲ ಪಾಶ್ಚಾತ್ಯರ ಕಥೆಯೆಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಗ್ರಹಣಕಾಲದಲ್ಲಿ ಗರ್ಭಿಣಿ ಕತ್ತರಿಯನ್ನೋ ಈಳಿಗೆಮಣೆಯನ್ನೋ ಮುಟ್ಟಿದರೆ ಕೂಸಿನ ತುಟಿ ಸೀಳುತ್ತದೆಂಬ ನಂಬಿಕೆ ಕನ್ನಡ ನಾಡಿನ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಮೇಲ್ದುಟಿ ಕೂಡಿಕೊಳ್ಳುವುದು ಬಸುರಿನ ನಾಲ್ಕರಿಂದ ಏಳನೆಯ ವಾರದ ಒಳಗೆ, ಎಷ್ಟೋ ವೇಳೆ ಬಸುರೆಂಬುದು ಖಚಿತವಾಗುವ ಮೊದಲೇ. ಆ ಗಡುವು ಕಳೆದು ಎಷ್ಟೋ ಕಾಲವಾದ ಏಳು ತಿಂಗಳ ಗರ್ಭಿಣಿಯನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಸುವ ಹಿರಿಯರು, ಅಕಸ್ಮಾತ್ ಮಗು ಸೀಳುತುಟಿಯೊಡನೆ ಹುಟ್ಟಿದರೆ, ಆವತ್ತು ಅವಳು ಕಿಟಕಿಯ ಬಳಿ ಹೋಗಿದ್ದಳೇ ಎಂದು ಸಾಕ್ಷಿ ಹುಡುಕುತ್ತಾರೆ. ಮಗು ಹೆಣ್ಣಾದರೂ ಹೊಣೆ ತಾಯಿಯದೇ. ಅಮೆರಿಕದ ನೆಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಜೀರುಂಡೆಗಳ ಕೋಶಗಳನ್ನು ಪರೀಕ್ಷಿಸಿ, ಹುಟ್ಟುವ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಗಂಡಿನ ವೀರ್ಯಾಣುವಿನ ವರ್ಣತಂತುವೆಂದು ತೋರಿಸಿದ್ದು 1905ರಲ್ಲಿ. ಮನುಷ್ಯರಲ್ಲಿಯೂ ನಿಯಮ ಅದೇ. ನೂರು ವರ್ಷಗಳು ಉರುಳಿದುವು. ಸಾಲಾಗಿ ಹೆಣ್ಣು ಹೆತ್ತವಳೆಂಬ ಮಾತನ್ನು ಕೇಳಿಸಿಕೊಳ್ಳುವವಳು ಮಾತ್ರ ಸೊಸೆಯೇ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಹೆಣ್ಣು ಹುಡುಕುವಾಗ ಹೇಳುತ್ತೇವೆ, ಹುಡುಗಿ ಎದುರಾಡಿದಾಗಲೂ ಹೇಳುತ್ತೇವೆ.

ತಾಯಿಯೊಬ್ಬಳೇ ಮಗುವಿನ ವಿಧಾತೆ ಎಂಬ ಪೂಜೆಯೂ, ತಾಯಿಯೊಬ್ಬಳೇ ಮಗುವಿನ ವಿನಾಶಕಿ ಎಂಬ ದೂಷಣೆಯೂ ಒಂದೇ ಊಹೆಯಿಂದ ಹುಟ್ಟಿದುವು. ಆ ಊಹೆಯನ್ನು ಜೀವಶಾಸ್ತ್ರ ಸಮರ್ಥಿಸುವುದಿಲ್ಲ. ಚಿಂಪಾಂಜಿ ತಾಯಿ ತನ್ನ ಮರಿಯನ್ನು ಮೊದಲ ತಿಂಗಳುಗಳಲ್ಲಿ ಇನ್ನೊಬ್ಬರ ಕೈಗೆ ಕೊಡುವುದು ಅತಿ ವಿರಳ. ಮನುಷ್ಯಶಿಶುವಾದರೋ ಹುಟ್ಟಿದ ದಿನದಿಂದಲೇ ಅಜ್ಜಿ, ಅಕ್ಕ, ಚಿಕ್ಕಮ್ಮ, ತಂದೆಯರ ಕೈಯಿಂದ ಕೈಗೆ ಹೋಗುತ್ತ ಬೆಳೆಯುವ ಪ್ರಾಣಿ. ಹಾಗೆ ಹಲವರು ಕೂಡಿ ಸಾಕಿದ್ದರಿಂದಲೇ ನಮ್ಮ ಕುಲ ಉಳಿಯಿತೆಂದು ಮಾನವಶಾಸ್ತ್ರಜ್ಞೆ ಸಾರಾ ಬ್ಲಾಫರ್ ಹರ್ಡಿ 2009ರ ‘ಮದರ್ಸ್ ಅಂಡ್ ಅದರ್ಸ್’ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ತವರಿನ ಬಾಣಂತನವನ್ನು ಬಲ್ಲ ನಮಗೆ ಇದು ಅಪರಿಚಿತವಾದ ಸಂಗತಿಯಲ್ಲ. ಡೊನಾಲ್ಡನ ಬಾಳಿನಲ್ಲಿಯೂ ಇದಕ್ಕೊಂದು ನಿದರ್ಶನವಿದೆ. 1942ರಲ್ಲಿ ಅವನ ತಾಯಿತಂದೆ ಅವನನ್ನು ಊರಿನ ಹತ್ತಿರದ ಒಬ್ಬ ಗೇಣಿ ರೈತನ ಮನೆಯಲ್ಲಿ ಬಿಟ್ಟರು. ಎಲ್ಲವನ್ನೂ ಎಣಿಸುವ ಅವನ ಹುಚ್ಚನ್ನು ಬಿಡಿಸಲು ಹೋಗದೆ, ಜೋಳದ ಸಾಲುಗಳನ್ನು ಎಣಿಸುತ್ತ ಉಳು ಎಂದು ಆ ರೈತ ದಂಪತಿಗಳು ಅವನ ಕೈಗೆ ನೇಗಿಲು ಕೊಟ್ಟರು. ಅಳೆಯುವ ಚಪಲಕ್ಕೆ ಬಾವಿ ತೋಡುವ ಕೆಲಸವನ್ನು ಹಚ್ಚಿದರು. ಕ್ಯಾನರ್ 1971ರಲ್ಲಿ ಮೊದಲ 11 ಮಕ್ಕಳ ಮುಂದಿನ ಬಾಳನ್ನು ಬರೆದಾಗ ಆ ದಂಪತಿಗಳ ವಿವೇಕವನ್ನು ಮೆಚ್ಚಿಕೊಂಡಿದ್ದಾರೆ. ಡೊನಾಲ್ಡ್ ಕಾಲೇಜು ಮುಗಿಸಿ, ತನ್ನ ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು, ಗಾಲ್ಫ್ ಆಡಿ, ದೇಶದೇಶಗಳನ್ನು ಸುತ್ತಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡನು.

ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಒಂದು ಮಗು, ಒಂದೂವರೆ ವರ್ಷ ತುಂಬಿದರೂ ಹೆಸರು ಹಿಡಿದು ಕರೆದರೆ ತಿರುಗದೆ, ಬೇಕಾದುದನ್ನು ಬೆರಳು ತೋರಿಸಿ ಕೇಳದೆ ಇದ್ದರೆ, ತಾಯಿ ಬಸುರಿನಲ್ಲಿ ಏನು ಮಾಡಿದಳು, ಕೆಲಸಕ್ಕೆ ಏಕೆ ಹೋದಳು, ಮೊಬೈಲು ಏಕೆ ಕೊಟ್ಟಳು ಎಂಬ ವಿಚಾರಣೆಗೆ ತೊಡಗಬೇಡಿರಿ. ತಡಮಾಡದೆ ಮಗುವನ್ನು ಪರೀಕ್ಷೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಇಂತಹ ಮಕ್ಕಳ ಪರೀಕ್ಷೆಗೂ ತರಬೇತಿಗೂ ಏರ್ಪಾಡುಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದಾದುದರಿಂದ, ಪ್ರಮಾಣಪತ್ರವನ್ನೂ ಶಾಲೆಯಲ್ಲಿ ಸ್ಥಾನವನ್ನೂ ಕೇಳುವ ಹಕ್ಕು ಆ ಮಗುವಿಗಿದೆ.